ರಾತ್ರಿ ಎಲ್ಲಿ ಉಳಿಯುತ್ತೀರಿ? ವಿದ್ಯಾರ್ಥಿಗಳ ಪಯಣವೂ ನಮ್ಮ ಆತಂಕವೂ

ಮಧ್ಯಮ ವರ್ಗದ ಮನೆಗಳಲ್ಲಿ ಈಚೆಗೆ ಹೊಸ ಬಗೆಯ ಹೆಮ್ಮೆಯೊಂದು ಕಾಣಿಸಿಕೊಂಡಿದೆ. ಜರ್ಮನಿಯಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವ ಮಗನೋ ಮಗಳೋ ಸೆಮಿಸ್ಟರ್ ರಜೆಯಲ್ಲಿ ಮೂರ್ನಾಲ್ಕು ಗೆಳೆಯರೊಡನೆ ಬೆನ್ನಿಗೆ ಚೀಲ ಏರಿಸಿ ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಎಂದು ಅಲೆದು ಬಂದ ಕಥೆಯನ್ನು ತಂದೆತಾಯಂದಿರು ನೆಂಟರಿಷ್ಟರ ಮುಂದೆ ಸಂಭ್ರಮದಿಂದ ಹೇಳಿಕೊಳ್ಳುತ್ತಾರೆ. ರಾತ್ರಿ ಬಸ್ಸಿನ ಅರೆನಿದ್ದೆ, ಎಂಟು ಹಾಸಿಗೆಗಳ ಕೋಣೆಯಲ್ಲಿ ಅಪರಿಚಿತರ ನಡುವೆ ವಾಸ್ತವ್ಯ, ಬ್ರೆಡ್ಡು ಬಾಳೆಹಣ್ಣಿನ ಊಟ ಇವೆಲ್ಲ ಆ ಕಥನದಲ್ಲಿ ಸಾಹಸದ ಅಧ್ಯಾಯಗಳಾಗುತ್ತವೆ. ಅದೇ ಮಗಳು ಬೆಂಗಳೂರಿನ ಕಾಲೇಜಿನಲ್ಲಿದ್ದಾಗ, ಗೆಳತಿಯರೊಡನೆ ಎರಡು ದಿನ ಮಧುಗಿರಿಗೆ ಹೋಗಿಬರುತ್ತೇನೆ ಎಂದಿದ್ದರೆ ಸಿಗುತ್ತಿದ್ದ ಉತ್ತರವನ್ನು ಊಹಿಸುವುದು ಕಷ್ಟವಲ್ಲ. ಯಾರು ಯಾರು ಬರುತ್ತಾರೆ, ರಾತ್ರಿ ಎಲ್ಲಿ ಉಳಿಯುತ್ತೀರಿ, ಈಗೇನು ಅವಸರ ಎಂಬ ಮೂರು ಪ್ರಶ್ನೆಗಳಲ್ಲೇ ಆ ಪಯಣ ಮುಗಿದುಹೋಗುತ್ತಿತ್ತು.

ಇದನ್ನು ಕೇವಲ ಪೋಷಕರ ಇಬ್ಬಂದಿತನವೆಂದು ಹಳಿದು ಸುಮ್ಮನಾಗುವುದು ಸುಲಭ. ಆದರೆ ಆ ಮೂರು ಪ್ರಶ್ನೆಗಳಲ್ಲಿ ಎರಡನೆಯದು ನಿಜವಾದ ಪ್ರಶ್ನೆ. ರಾತ್ರಿ ಎಲ್ಲಿ ಉಳಿಯಬೇಕು? ಯೂರೋಪು ಈ ಪ್ರಶ್ನೆಗೆ ಒಂದು ಶತಮಾನದ ಹಿಂದೆಯೇ ಉತ್ತರ ಹುಡುಕತೊಡಗಿತು. ನಾವು ಇನ್ನೂ ಹುಡುಕಿಲ್ಲ. ಅಲ್ಲಿನ ಯುವಜನರ ಧೈರ್ಯವನ್ನು ಮೆಚ್ಚುವಾಗ, ಆ ಧೈರ್ಯಕ್ಕೆ ಆಧಾರವಾಗಿ ನಿಂತಿರುವ ವ್ಯವಸ್ಥೆಯನ್ನು ನಾವು ಮರೆಯುತ್ತೇವೆ.

ಖಾಲಿ ಶಾಲೆಯಿಂದ ಕೋಟೆಯವರೆಗೆ

1909ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ರಿಚರ್ಡ್ ಶಿರ್‌ಮನ್ ಎಂಬ ಶಾಲಾ ಶಿಕ್ಷಕ ತನ್ನ ವಿದ್ಯಾರ್ಥಿಗಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಿದ್ದಾಗ ಭಾರಿ ಮಳೆಗೆ ಸಿಕ್ಕಿಕೊಂಡ. ಮಕ್ಕಳೊಂದಿಗೆ ಆತ ಆ ರಾತ್ರಿ ಕಳೆದದ್ದು ಹಳ್ಳಿಯ ಶಾಲೆಯೊಂದರ ಕೊಠಡಿಯಲ್ಲಿ. ರಜೆಯ ದಿನಗಳಲ್ಲಿ ಊರೂರ ಶಾಲೆಗಳು ಬಾಗಿಲು ಮುಚ್ಚಿ ಖಾಲಿ ಬಿದ್ದಿರುತ್ತವೆ. ಅವೇ ಅಲೆದಾಡುವ ಮಕ್ಕಳ ರಾತ್ರಿ ತಂಗುದಾಣಗಳಾಗಬಾರದೇಕೆ ಎಂಬುದು ಅಂದು ಅವನಿಗೆ ಹೊಳೆದ ವಿಚಾರ. ಮೊದಲು ಆಲ್ಟೆನಾ ಎಂಬ ಊರಿನ ತನ್ನ ಶಾಲೆಯಲ್ಲೇ ಅದನ್ನು ಕಾರ್ಯಗತಗೊಳಿಸಿದ. 1912ರಲ್ಲಿ ಅದೇ ಊರಿನ ಹಳೆಯ ಕೋಟೆಗೆ ಆ ತಂಗುದಾಣ ಸ್ಥಳಾಂತರಗೊಂಡಿತು. ಇಂದು ಜಗತ್ತಿನಾದ್ಯಂತ ಯೂತ್ ಹಾಸ್ಟೆಲ್ ಎಂದು ಕರೆಯಲಾಗುವ ಪರಂಪರೆಯ ಮೂಲ ಅದು.

ಕಡಿಮೆ ಖರ್ಚಿನ ಹಾಸಿಗೆಯ ಜೊತೆಗೆ ಕಡಿಮೆ ಖರ್ಚಿನ ಪ್ರಯಾಣವೂ ಸೇರಿಕೊಂಡದ್ದು ಮುಂದಿನ ಹಂತ. 1972ರಲ್ಲಿ ಯೂರೋಪಿನ ರೈಲ್ವೆ ಸಂಸ್ಥೆಗಳು ಒಟ್ಟುಗೂಡಿ 21 ವರ್ಷದೊಳಗಿನವರಿಗಾಗಿ ಇಂಟರ್‌ರೈಲ್ ಪಾಸನ್ನು ಹೊರತಂದವು. ಒಂದೇ ಟಿಕೆಟಿನಲ್ಲಿ 21 ದೇಶಗಳ ರೈಲುಗಳನ್ನು ಹತ್ತಬಹುದಿತ್ತು. ಮುಂದೆ ಅದರ ವಯೋಮಿತಿಯೂ ಕಳಚಿಹೋಯಿತು. 1987ರಲ್ಲಿ ಎರಾಸ್ಮಸ್ ಯೋಜನೆ ಆರಂಭವಾಗಿ, ಒಂದು ದೇಶದ ವಿದ್ಯಾರ್ಥಿ ಇನ್ನೊಂದು ದೇಶದ ವಿಶ್ವವಿದ್ಯಾಲಯದಲ್ಲಿ ಕೆಲವು ತಿಂಗಳು ಓದುವುದು ಸಾಮಾನ್ಯ ಸಂಗತಿಯಾಯಿತು. 2018ರಿಂದ ಐರೋಪ್ಯ ಒಕ್ಕೂಟವು ಆಯ್ದ 18 ವರ್ಷದ ಯುವಕ ಯುವತಿಯರಿಗೆ ಉಚಿತ ಪ್ರಯಾಣದ ಪಾಸನ್ನೇ ಕೊಡುತ್ತಿದೆ. ಎರಡು ಮಹಾಯುದ್ಧಗಳಲ್ಲಿ ಪರಸ್ಪರ ಕೊಂದುಕೊಂಡ ನೆಲದಲ್ಲಿ, ನೆರೆಯವನ ಊರನ್ನು ನೋಡಿ ಬಂದ ತಲೆಮಾರೊಂದನ್ನು ಬೆಳೆಸುವುದು ಶಾಂತಿಗೆ ಹೂಡುವ ಬಂಡವಾಳವೆಂದು ಅವರು ಭಾವಿಸಿದ್ದಾರೆ.

ಈ ಇತಿಹಾಸದಲ್ಲಿ ಕಪ್ಪು ಪುಟವೂ ಇದೆ. 1933ರಲ್ಲಿ ನಾತ್ಸಿ ಆಡಳಿತ ಇವೇ ತಂಗುದಾಣಗಳನ್ನು ಹಿಟ್ಲರನ ಯುವದಳದ ವಶಕ್ಕೆ ಒಪ್ಪಿಸಿ ಶಿರ್‌ಮನ್‌ನನ್ನು ಬದಿಗೆ ಸರಿಸಿತು. ಯುವಜನರ ಪಯಣಕ್ಕೆ ಸರ್ಕಾರ ನೆರವಾಗಬೇಕು. ಆದರೆ ಅವರು ಏನನ್ನು ನೋಡಬೇಕು, ನೋಡಿ ಏನನ್ನು ನಂಬಬೇಕು ಎಂಬುದನ್ನು ಅದು ನಿರ್ಧರಿಸತೊಡಗಿದರೆ ಪಯಣದ ಅರ್ಥವೇ ಕೆಡುತ್ತದೆ. ಈ ಎಚ್ಚರ ನಮಗೂ ಅಗತ್ಯ.

ಗಮನಿಸಬೇಕಾದ ಮತ್ತೊಂದು ಮಾತು: ಯೂರೋಪಿನ ಈ ಅಲೆದಾಟ ನಮ್ಮಲ್ಲಿ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲವಾದರೂ, ವೀಸಾ ಪಡೆಯಲು ವಿದ್ಯಾರ್ಥಿಯ ಹೆಸರಿನಲ್ಲಿ 11,904 ಯೂರೊ ಠೇವಣಿ ತೋರಿಸಬೇಕೆಂಬ ನಿಯಮ 2024ರಲ್ಲಿ ಜಾರಿಗೆ ಬಂತು. ರೂಪಾಯಿಯಲ್ಲಿ ಹತ್ತು ಲಕ್ಷಕ್ಕೂ ಮೀರಿದ ಮೊತ್ತವದು. ಪ್ರವಾಸಕ್ಕೆಂದೇ ಹೋಗುವವರು ಕಟ್ಟಬೇಕಾದ ಷೆಂಗೆನ್ ವೀಸಾ ಶುಲ್ಕವೂ ಅದೇ ವರ್ಷ 90 ಯೂರೊಗೆ ಏರಿತು. ಹೀಗಾಗಿ ನಾವು ಯೂರೋಪಿನಿಂದ ತರಬೇಕಾದದ್ದು ಪ್ರಾಗ್ ಸೇತುವೆಯ ಮೇಲೆ ನಿಂತ ಛಾಯಾಚಿತ್ರವನ್ನಲ್ಲ. ಬಡ ವಿದ್ಯಾರ್ಥಿಯೂ ಹಾಗೆ ಅಲೆಯಬಹುದಾದ ಏರ್ಪಾಡನ್ನು.

ವಳ್ಳೂರಿನಿಂದ ಹೊರಟರೆ

ಪಾವಗಡ ತಾಲ್ಲೂಕಿನ ವಳ್ಳೂರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಹಾಗೂ ವಳ್ಳೂರು ಈ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ತಲೆಯೆತ್ತಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಇದಕ್ಕೆ ‘ಶಕ್ತಿ ಸ್ಥಳ’ ಎಂದು ಹೆಸರಿಡಲಾಯಿತು. ಮಳೆಯನ್ನು ನಂಬಿ ಶೇಂಗಾ ಬಿತ್ತುತ್ತಿದ್ದ ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆಗೆ ನೆಲ ಬಿಟ್ಟುಕೊಟ್ಟರು. ಈ ಪಾರ್ಕನ್ನು ನೋಡಲು ಹೊರಗಿನ ತಜ್ಞರು, ಅಧಿಕಾರಿಗಳು, ಪತ್ರಕರ್ತರು ಬಂದುಹೋದರು. ಜಗತ್ತೇ ವಳ್ಳೂರನ್ನು ನೋಡಲು ಬರುತ್ತಿರುವಾಗ ವಳ್ಳೂರಿನ ವಿದ್ಯಾರ್ಥಿ ಎಷ್ಟು ಜಗತ್ತನ್ನು ನೋಡಿದ್ದಾನೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿದಂತಿಲ್ಲ. ಪದವಿ ಕಾಲೇಜಿಗೆಂದು ಪಾವಗಡಕ್ಕೆ, ಕೆಲಸಕ್ಕೆಂದು ಬೆಂಗಳೂರಿಗೆ. ಈ ಎರಡು ದಾರಿಗಳಾಚೆಗೆ ಆತನಿಗೆ ಮೂರನೆಯ ದಾರಿ ಕಂಡಿರುವುದು ವಿರಳ.

ಹಾಗೆ ನೋಡಿದರೆ ಆತನ ಸುತ್ತಲಿನ ನೆಲ ಯೂರೋಪಿನ ಯಾವ ಸೀಮೆಗೂ ಕಡಿಮೆಯದಲ್ಲ. ನಾಲ್ವರು ಗೆಳೆಯರು ಒಂದು ವಾರ ಬಿಡುವು ಮಾಡಿಕೊಂಡು ಶಿರಾದಿಂದ ಹೊರಟರೆಂದು ಭಾವಿಸಿ. ಶಿರಾ 1687ರಿಂದ ಮೊಗಲರ ಸುಬಾ ಒಂದರ ರಾಜಧಾನಿಯಾಗಿದ್ದ ಊರು. 1651ರ ಮಲಿಕ್ ರಿಹಾನ್ ಗೋರಿ, 1696ರ ಜುಮ್ಮಾ ಮಸೀದಿ ಅಲ್ಲಿ ಈಗಲೂ ನಿಂತಿವೆ. ಮುಂದೆ 1761ರಲ್ಲಿ ಹೈದರಾಲಿ ಮೊದಲು ಪಡೆದ ನವಾಬ ಪದವಿ ಇದೇ ಶಿರಾದ್ದು. ಅದೇ ತಾಲ್ಲೂಕಿನ ಕಗ್ಗಲಡುವಿನಲ್ಲಿ ಪ್ರತಿವರ್ಷ ಬಣ್ಣದ ಕೊಕ್ಕರೆಗಳು ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ, ಊರವರು ಅವನ್ನು ಮನೆಮಕ್ಕಳಂತೆ ಕಾಯುತ್ತಾರೆ. ಅಲ್ಲಿಂದ ರಾಜ್ಯದ ಗಡಿ ದಾಟಿದರೆ ಹೇಮಾವತಿ, ಅಂದರೆ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಮತ್ತೆ ಇತ್ತ ಬಂದರೆ ನಿಡುಗಲ್ಲು ದುರ್ಗ ಮತ್ತು ಪಾವಗಡದ ಕೋಟೆ. ಪುನಃ ಗಡಿ ದಾಟಿದರೆ 1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಪೆನುಕೊಂಡ ಮತ್ತು ಕನ್ನಡ ಶಾಸನಗಳನ್ನು ಮೈಮೇಲೆ ಹೊತ್ತಿರುವ ಲೇಪಾಕ್ಷಿ. ಮರಳುವ ದಾರಿಯಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆಯ ಚನ್ನರಾಯನದುರ್ಗ, ಗಿಡಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟ.

ಒಂದು ವಾರದ ಈ ಸುತ್ತಿನಲ್ಲಿ ನೊಳಂಬರು, ವಿಜಯನಗರದವರು, ಪಾಳೆಯಗಾರರು, ಬಿಜಾಪುರದವರು, ಮೊಗಲರು, ಮರಾಠರು, ಹೈದರ್-ಟಿಪ್ಪು ಎಲ್ಲರೂ ಎದುರಾಗುತ್ತಾರೆ. ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಾಗಿ ಹಂಚಿಹೋದವರು ಇಲ್ಲಿ ಒಂದೇ ಕೋಟೆಯ ಬೇರೆ ಬೇರೆ ಸುತ್ತುಗಳಾಗಿ ಕಾಣಸಿಗುತ್ತಾರೆ. ಒಬ್ಬನು ಕಟ್ಟಿದ ಗೋಡೆಯ ಮೇಲೆ ಇನ್ನೊಬ್ಬನು ಬುರುಜು ಎಬ್ಬಿಸಿದ್ದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ, ಇತಿಹಾಸವನ್ನು ‘ನಮ್ಮವರು’ ‘ಅವರು’ ಎಂದು ಎರಡೇ ಪಾಲು ಮಾಡಿ ಒಪ್ಪಿಸುವ ಭಾಷಣಗಳು ಅಷ್ಟು ಸುಲಭವಾಗಿ ರುಚಿಸಲಾರವು.

ಕನ್ನಡಕ್ಕೆ ಈ ಬಗೆಯ ಕಲಿಕೆ ಹೊಸದಲ್ಲ. ದೇಶ ಸುತ್ತು, ಕೋಶ ಓದು ಎಂದ ಗಾದೆ ದೇಶವನ್ನೇ ಮೊದಲು ಹೇಳಿತು. ಶಿವರಾಮ ಕಾರಂತರು ಯೂರೋಪನ್ನು ಕಂಡು ‘ಅಪೂರ್ವ ಪಶ್ಚಿಮ’ ಬರೆದರು. ಅದಕ್ಕೂ ಮೊದಲು ಅವರು ಕರ್ನಾಟಕದ ಮೂಲೆಮೂಲೆಗಳನ್ನು ತುಳಿದಿದ್ದರು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ತಮ್ಮ ವಿದ್ಯಾರ್ಥಿಗಳೊಂದಿಗೆ ಕಾಡುಮೇಡು ಅಲೆದ ಅನುಭವವನ್ನು ‘ಹಸುರು ಹೊನ್ನು’ ಕೃತಿಯಲ್ಲಿ ಕಟ್ಟಿಕೊಟ್ಟರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡದ ಲ್ಯಾಟಿನ್ ಹೆಸರು, ಹುಡುಗರ ತುಂಟತನ, ಅಡುಗೆಯ ಅವಾಂತರ ಎಲ್ಲವೂ ಅಲ್ಲಿ ಒಟ್ಟೊಟ್ಟಿಗೆ ಬರುತ್ತವೆ. ಪಾಠವೂ ಪಯಣವೂ ಸ್ನೇಹವೂ ಬೇರೆ ಬೇರೆಯಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷ್ಯ ನಮ್ಮ ಭಾಷೆಯಲ್ಲಿ ವಿರಳ. ಸಿದ್ಧರಬೆಟ್ಟದಲ್ಲಿ ಅಂಥ ಒಂದು ವಾರ ಕಳೆದ ಸಸ್ಯಶಾಸ್ತ್ರದ ವಿದ್ಯಾರ್ಥಿ ಒಂದು ಸೆಮಿಸ್ಟರಿನ ನೋಟ್ಸಿಗಿಂತ ಹೆಚ್ಚು ಕಲಿತಾನು.

ಎರಡು ಶೂನ್ಯ ಟಿಕೆಟುಗಳ ನಡುವಿನ ಗಡಿ

ಪ್ರಯಾಣದ ಖರ್ಚಿನ ವಿಷಯದಲ್ಲಿ ಕರ್ನಾಟಕ ಒಂದು ದೊಡ್ಡ ಹೆಜ್ಜೆ ಇಟ್ಟಿದೆ. 2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆಯಡಿ ರಾಜ್ಯದ ಮಹಿಳೆಯರು ಐಷಾರಾಮಿಯಲ್ಲದ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಓಡಾಡಬಹುದು. ಈ ಯೋಜನೆಯ ಹಣಕಾಸಿನ ಹೊರೆ, ನಿಗಮಗಳ ಸ್ಥಿತಿ ಮುಂತಾದವನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಆದರೆ ವಿದ್ಯಾರ್ಥಿನಿಯರ ದೃಷ್ಟಿಯಿಂದ ಅದರ ಅರ್ಥವೇನೆಂಬುದನ್ನು ನಾವು ಪೂರ್ತಿ ಗ್ರಹಿಸಿಲ್ಲ. ಇಂಟರ್‌ರೈಲ್ ಪಾಸಿಗೆ ಯೂರೋಪಿನ ಹುಡುಗಿ ಹಣ ತೆರಬೇಕು. ವಳ್ಳೂರಿನ ಹುಡುಗಿ ಆಧಾರ್ ಚೀಟಿಯೊಂದನ್ನು ತೋರಿಸಿ ಬೀದರಿನವರೆಗೆ ಹೋಗಬಲ್ಲಳು, ಕಾರವಾರಕ್ಕೆ ಹೋಗಿ ಜೀವನದಲ್ಲಿ ಮೊದಲ ಬಾರಿಗೆ ಕಡಲು ನೋಡಬಲ್ಲಳು. ತಾಯಿ, ಅಜ್ಜಿಯರಿಗೆ ಕನಸಾಗಿದ್ದ ದೂರ ಅವಳಿಗೆ ಸೊನ್ನೆ ರೂಪಾಯಿಯ ಟಿಕೆಟಾಗಿದೆ.

ಆದರೂ ನಾವು ಮೇಲೆ ಕಂಡ ವಾರದ ಸುತ್ತು ಅವಳಿಗೆ ಉಚಿತವಲ್ಲ. ಪಾವಗಡವನ್ನು ನಕಾಶೆಯಲ್ಲಿ ನೋಡಿದವರಿಗೆ ಅದರ ವೈಚಿತ್ರ್ಯ ಗೊತ್ತು: ಬಹುಪಾಲು ಆಂಧ್ರಪ್ರದೇಶದಿಂದಲೇ ಸುತ್ತುವರಿದ ತಾಲ್ಲೂಕು ಅದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬಂತೆ ಜನ ಬದುಕುತ್ತಾರೆ. ‘ಶಕ್ತಿ’ ಅಂತರರಾಜ್ಯ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. 2025ರ ಆಗಸ್ಟ್ 15ರಂದು ಆಂಧ್ರಪ್ರದೇಶವೂ ‘ಸ್ತ್ರೀ ಶಕ್ತಿ’ ಎಂಬ ಹೆಸರಿನಲ್ಲಿ ಇದೇ ಬಗೆಯ ಯೋಜನೆಯನ್ನು ತನ್ನ ಮಹಿಳೆಯರಿಗಾಗಿ ಆರಂಭಿಸಿತು. ಹೀಗೆ ಪಾವಗಡದ ಹುಡುಗಿಗೆ ಗಡಿಯವರೆಗೆ ಉಚಿತ, ಮಡಕಶಿರಾದ ಹುಡುಗಿಗೂ ಗಡಿಯವರೆಗೆ ಉಚಿತ. ಪೆನುಕೊಂಡವನ್ನು ಇವಳು ನೋಡುವಂತಿಲ್ಲ, ಮಧುಗಿರಿಯನ್ನು ಅವಳು ನೋಡುವಂತಿಲ್ಲ. ಒಂದೇ ಭಾಷೆ ಆಡುವ, ಒಂದೇ ಮಳೆಗೆ ಕಾಯುವ ಇಬ್ಬರ ನಡುವೆ ಎರಡು ಶೂನ್ಯ ಟಿಕೆಟುಗಳು ಹೊಸದೊಂದು ಗೆರೆ ಎಳೆದಿವೆ.

ಷೆಂಗೆನ್ ಎಂಬುದು ಲಕ್ಸೆಂಬರ್ಗ್ ದೇಶದ ಒಂದು ಪುಟ್ಟ ಹಳ್ಳಿಯ ಹೆಸರು. ಜರ್ಮನಿ ಮತ್ತು ಫ್ರಾನ್ಸುಗಳೆರಡಕ್ಕೂ ಅಂಟಿಕೊಂಡಿರುವ ಆ ಗಡಿಹಳ್ಳಿಯಲ್ಲಿ 1985ರ ಜೂನ್‌ನಲ್ಲಿ ಐದು ದೇಶಗಳು ಗಡಿ ತಪಾಸಣೆಯನ್ನು ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದವು. 1995ರಲ್ಲಿ ಅದು ಜಾರಿಗೆ ಬಂತು, ಇಂದು 29 ದೇಶಗಳು ಅದರಲ್ಲಿವೆ. ವಲಸೆಯ ಭೀತಿಯಿಂದ ಕೆಲವು ದೇಶಗಳು ಈಚಿನ ವರ್ಷಗಳಲ್ಲಿ ತಪಾಸಣೆಯನ್ನು ಮತ್ತೆ ತಂದಿವೆಯಾದರೂ, ಭಾಷೆ ನಾಣ್ಯ ಸೈನ್ಯ ಎಲ್ಲವೂ ಬೇರೆಯಾಗಿದ್ದ ದೇಶಗಳು ಇಷ್ಟನ್ನು ಸಾಧಿಸಿದ್ದು ಸಣ್ಣ ಸಂಗತಿಯಲ್ಲ. ಒಂದೇ ದೇಶದ ಎರಡು ರಾಜ್ಯಗಳು ಗಡಿ ತಾಲ್ಲೂಕುಗಳ ವಿದ್ಯಾರ್ಥಿನಿಯರ ಮಟ್ಟಿಗೆ ಪರಸ್ಪರರ ಉಚಿತ ಟಿಕೆಟನ್ನು ಮಾನ್ಯ ಮಾಡುವುದು ಅಸಾಧ್ಯವಾದ ಕೆಲಸವೇ? ಮೊದಲು ಪಾವಗಡ, ಶಿರಾ, ಮಧುಗಿರಿ ಮತ್ತು ಆಚೆಯ ಮಡಕಶಿರಾ, ಪೆನುಕೊಂಡ, ಹಿಂದೂಪುರಗಳಲ್ಲಿ ಇದನ್ನು ಪ್ರಯೋಗಿಸಿ ನೋಡಬಹುದು. ಗಂಡುಮಕ್ಕಳಿಗೂ ರಜೆಯ ಅವಧಿಗೆ ರಿಯಾಯಿತಿ ದರದ ಪ್ರವಾಸಿ ಪಾಸು ದೊರೆಯಬೇಕು. ಈಗಿನ ವಿದ್ಯಾರ್ಥಿ ಪಾಸು ಮನೆ ಮತ್ತು ಕಾಲೇಜಿನ ನಡುವಿನ ದಾರಿಯನ್ನಷ್ಟೇ ಬಲ್ಲದು.

ರಾತ್ರಿಯ ಪ್ರಶ್ನೆ

ಇಷ್ಟಾದರೂ ಬಸ್ಸು ಹಗಲಿನ ಸಮಸ್ಯೆಯನ್ನಷ್ಟೇ ಬಗೆಹರಿಸುತ್ತದೆ. ತಾಲ್ಲೂಕು ಕೇಂದ್ರಗಳಲ್ಲಿ ವಿದ್ಯಾರ್ಥಿಗಳು ನೆಮ್ಮದಿಯಿಂದ ಉಳಿಯಬಹುದಾದ ಅಗ್ಗದ ಜಾಗ ಯಾವುದು? ಮೈಸೂರಿನಂಥ ಊರಿನಲ್ಲಿ ಯೂತ್ ಹಾಸ್ಟೆಲ್ ಇದೆ. ಸಣ್ಣ ಊರುಗಳಲ್ಲಿ ಇರುವುದು ಬಸ್ ನಿಲ್ದಾಣದ ಬಳಿಯ ಲಾಡ್ಜುಗಳು. ಕಾಲೇಜು ಹುಡುಗಿಯರ ಗುಂಪೊಂದು ಅಲ್ಲಿ ಕೋಣೆ ಕೇಳಿದರೆ ಎದುರಿಸಬೇಕಾದ ನೋಟವನ್ನು ವಿವರಿಸಬೇಕಾಗಿಲ್ಲ. ಪ್ರವಾಸಿ ಮಂದಿರದ ಬಾಗಿಲು ತೆರೆಯಲು ಅಧಿಕಾರಿಯ ಚೀಟಿಯೋ ರಾಜಕಾರಣಿಯ ಫೋನೋ ಬೇಕು. ಛತ್ರಗಳು, ಸಮುದಾಯ ಭವನಗಳು ಹೆಚ್ಚಿನವು ಒಂದೊಂದು ಜಾತಿಯ ಹೆಸರು ಹೊತ್ತು ನಿಂತಿವೆ. ಬೇರೆ ಬೇರೆ ಜಾತಿ ಮತಗಳ ನಾಲ್ವರು ಗೆಳೆಯರು ಯಾವ ಛತ್ರದ ಬಾಗಿಲು ತಟ್ಟಬೇಕು?

ಪಯಣದ ದೊಡ್ಡ ಲಾಭ ಇರುವುದೂ ಇಲ್ಲಿಯೇ. ಊರಿನಲ್ಲಿ ತರಗತಿಯ ಬೆಂಚು ಹಂಚಿಕೊಂಡವರು ಮನೆಯ ಅಡುಗೆಕೋಣೆಯವರೆಗೆ ಹೋಗಿರುವುದಿಲ್ಲ. ದಾರಿಯಲ್ಲಿ ಒಂದೇ ಬುತ್ತಿ ಬಿಚ್ಚಿ, ಒಂದೇ ಬಾಟಲಿಯ ನೀರು ಕುಡಿದು, ಒಂದೇ ಜಮಖಾನದ ಮೇಲೆ ಮಲಗಿದವರ ನಡುವೆ ಆ ಅಂತರ ಉಳಿಯುವುದು ಕಷ್ಟ. ಸಹಭೋಜನದ ಬಗ್ಗೆ ನೂರು ಉಪನ್ಯಾಸಗಳು ಮಾಡದ ಕೆಲಸವನ್ನು ಹಸಿದ ನಾಲ್ವರು ಗೆಳೆಯರ ನಡುವಿನ ಒಂದು ಪೊಟ್ಟಣ ಚಿತ್ರಾನ್ನ ಮಾಡಬಲ್ಲದು.

ಪರಿಹಾರ ದುಬಾರಿಯಲ್ಲ. ಶಿರ್‌ಮನ್ ಕಂಡದ್ದನ್ನೇ ನಾವೂ ಕಾಣಬೇಕು. ದಸರೆಯ ರಜೆಯಲ್ಲಿ, ಏಪ್ರಿಲ್ ಮೇ ತಿಂಗಳುಗಳಲ್ಲಿ ನಮ್ಮ ಸರ್ಕಾರಿ ಶಾಲೆಗಳೂ, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ವಿದ್ಯಾರ್ಥಿ ನಿಲಯಗಳೂ ಬಹುಪಾಲು ಖಾಲಿ ಇರುತ್ತವೆ. ಅವುಗಳಲ್ಲಿ ಶೌಚಾಲಯ, ನೀರು, ಅಡುಗೆಮನೆ ಈಗಾಗಲೇ ಇವೆ. ತಾಲ್ಲೂಕಿಗೆ ಎರಡರಂತೆ, ಒಂದು ಹುಡುಗಿಯರಿಗೆ ಇನ್ನೊಂದು ಹುಡುಗರಿಗೆ, ಆಯ್ದು ರಜೆಯ ಅವಧಿಗೆ ವಿದ್ಯಾರ್ಥಿ ತಂಗುದಾಣಗಳೆಂದು ಘೋಷಿಸಬಹುದು. ಕಾಲೇಜಿನ ಗುರುತಿನ ಚೀಟಿ, ಮುಂಗಡ ನೋಂದಣಿ, ಅಲ್ಪ ಶುಲ್ಕ, ಜವಾಬ್ದಾರಿಯುತ ವಾರ್ಡನ್ ಇಷ್ಟು ಸಾಕು. ಊಟದ ಹೊಣೆಯನ್ನು ಸ್ತ್ರೀಶಕ್ತಿ ಸಂಘಗಳಿಗೆ ಒಪ್ಪಿಸಿದರೆ ರಾಗಿಮುದ್ದೆ, ಹುರುಳಿಸಾರಿನ ಜೊತೆಗೆ ಊರಿನ ನಾಲ್ಕು ಮಾತೂ ಸಿಗುತ್ತವೆ, ಸಂಘದ ಕೈಗೆ ನಾಲ್ಕು ಕಾಸೂ ಸೇರುತ್ತದೆ. ಆಲ್ಟೆನಾದಂತೆ ಕೋಟೆಯೊಳಗೇ ಮಲಗುವ ಆಸೆ ನಮಗೆ ಬೇಡ. ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ವ್ಯಾಪ್ತಿಯಲ್ಲಿ ನಿರ್ಮಾಣ ನಿಷೇಧಿಸಿರುವ ಕಾನೂನು ಸರಿಯಾಗಿಯೇ ಇದೆ. ಕೋಟೆಯ ಕೆಳಗಿನ ಊರಿನ ಶಾಲೆ ಸಾಕು. ಸಾವಿರಾರು ಪರವೂರ ಮಕ್ಕಳಿಗೆ ಜಾತಿಭೇದವಿಲ್ಲದೆ ಅನ್ನ ವಸತಿ ನೀಡಿ ಬೆಳೆಸಿದ ಸಿದ್ಧಗಂಗೆ ಇರುವ ಜಿಲ್ಲೆಗೆ ಅನ್ಯರ ಮಕ್ಕಳನ್ನು ಉಳಿಸಿಕೊಳ್ಳುವ ಪಾಠವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ಸುರಕ್ಷತೆಯ ಮಾತು

ಅನಾಹುತವಾದರೆ ಯಾರು ಹೊಣೆ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 2014ರ ಜೂನ್‌ನಲ್ಲಿ ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ, ಅಣೆಕಟ್ಟೆಯಿಂದ ಏಕಾಏಕಿ ಬಿಟ್ಟ ನೀರಿಗೆ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ನೀರುಪಾಲಾದರು. ಇಂಥ ಪ್ರತಿ ದುರಂತದ ಬೆನ್ನಿಗೇ ಪ್ರವಾಸವೇ ಬೇಡವೆಂಬ ಕೂಗು ಏಳುತ್ತದೆ. ಆದರೆ ಇವೆರಡೂ ಸಂಸ್ಥೆಗಳೇ ಏರ್ಪಡಿಸಿದ, ಶಿಕ್ಷಕರು ಜೊತೆಗಿದ್ದ ಪ್ರವಾಸಗಳು ಎಂಬುದನ್ನು ಮರೆಯಬಾರದು. ನದಿಯ ದಂಡೆಯಲ್ಲಿ ಎಚ್ಚರಿಕೆಯ ಸದ್ದು, ಕಡಲತೀರದಲ್ಲಿ ಸಾಕಷ್ಟು ಜೀವರಕ್ಷಕರು, ಬೆಟ್ಟದ ಬುಡದಲ್ಲಿ ಮಾಹಿತಿ ಕೊಡುವ ಒಬ್ಬ ಸಿಬ್ಬಂದಿ ಇವು ಜೀವ ಉಳಿಸುವ ಸಂಗತಿಗಳು. ಈಜು, ಪ್ರಥಮ ಚಿಕಿತ್ಸೆ, ನಕಾಶೆ ಓದುವುದನ್ನು ಹತ್ತನೆಯ ತರಗತಿಯೊಳಗೆ ಕಲಿಸಿದರೆ ಅದೂ ಜೀವ ಉಳಿಸುತ್ತದೆ. ಅಪಾಯವನ್ನು ಅಳೆಯಲು ಎಂದೂ ಅವಕಾಶ ಸಿಗದ ಹುಡುಗನೇ ಮೊದಲ ಸಲ ನೀರು ಕಂಡಾಗ ಮೈಮರೆಯುತ್ತಾನೆ. ಹದಿನೆಂಟು ವರ್ಷಕ್ಕೆ ಮತದಾನದ ಹಕ್ಕು ಕೊಟ್ಟ ನಾವು, ಇಪ್ಪತ್ತರ ವಯಸ್ಸಿನವರಿಗೆ ಬಸ್ ಹತ್ತುವ ವಿವೇಕವಿಲ್ಲವೆಂದು ನಿರ್ಧರಿಸುವುದು ಸರಿಯಲ್ಲ.

ಓದು ಮುಗಿಸಿ ಬೇಗ ದುಡಿಮೆಗೆ ನಿಲ್ಲಬೇಕಾದ ಬಡವರ ಮಕ್ಕಳಿಗೆ ಇದೆಲ್ಲ ಶೋಕಿಯಲ್ಲವೇ ಎನ್ನುವವರೂ ಉಂಟು. ಶೋಕಿಯಾಗಿ ಉಳಿದಿರುವುದು ಹಣವಿದ್ದವರಿಗೆ ಮಾತ್ರ ಅದು ಸಾಧ್ಯವಾಗಿರುವುದರಿಂದ. ಅಪರಿಚಿತ ಊರಿನಲ್ಲಿ ಇಳಿದು ದಾರಿ ಕೇಳುವುದು, ಕೈಯಲ್ಲಿರುವ ಐನೂರು ರೂಪಾಯಿಯನ್ನು ಮೂರು ದಿನಕ್ಕೆ ಹಂಚುವುದು, ಗೆಳೆಯನೊಡನೆ ಜಗಳವಾಡಿಯೂ ಅವನ ಜೊತೆಯೇ ಮುಂದಿನ ಬಸ್ಸಿಗೆ ಕಾಯುವುದು ಇವೆಲ್ಲ ಬದುಕಿನ ತರಬೇತಿಗಳೇ. ಸಂದರ್ಶನದ ಕೋಣೆಯಲ್ಲಿ ಹಳ್ಳಿಯ ಹುಡುಗ ತಡವರಿಸುವುದು ಬುದ್ಧಿಯ ಕೊರತೆಯಿಂದಲ್ಲ. ಊರಿನ ಹೊರಗೆ ಅಪರಿಚಿತರೊಡನೆ ಮಾತನಾಡಿದ ಅಭ್ಯಾಸ ಇಲ್ಲದ್ದರಿಂದ. ಆ ಅಭ್ಯಾಸ ತರಬೇತಿ ಕೇಂದ್ರದಲ್ಲಿ ಸಿಗುವುದಿಲ್ಲ, ದಾರಿಯಲ್ಲಿ ಸಿಗುತ್ತದೆ.

ಸರ್ಕಾರ ಮುಂದಿನ ಬೇಸಿಗೆಯ ರಜೆಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಎಂಟು ಶಾಲೆಗಳ ಬೀಗ ತೆರೆಸಿದರೆ ಒಂದು ಪ್ರಯೋಗ ಆರಂಭವಾದಂತೆ. ಪೋಷಕರು ಮಾಡಬೇಕಾದದ್ದು ಇನ್ನೂ ಸರಳ. ಮಗಳು ಗೆಳತಿಯರೊಡನೆ ಹೊರಡುತ್ತೇನೆಂದಾಗ, ರಾತ್ರಿ ಎಲ್ಲಿ ಉಳಿಯುತ್ತೀರಿ ಎಂದು ಕೇಳಲಿ. ಅವಳು ಉತ್ತರ ಹೇಳಿದ ಮೇಲೆ ಹೋಗಿ ಬಾ ಎನ್ನಲಿ.